ಗುಡ್ಡದವ್ವನ ಪಾಲಿನ ಮರಿಗೆ

ಏಳು ಹಳ್ಳ ದಾಟಿ, ಎಂಟನೇ ಹಳ್ಳದಲ್ಲಿ ಕಾಲು ತೊಳೆದರೆ ಸಿಗುವ ಒಂದು ರಾಜ್ಯದಲ್ಲಿ ಬಾಳವ್ವ ಎಂಬ ಜಾಲಗಾರ್ತಿ ಇದ್ದಳು. ಜಾಲಗಾರರೆಂದರೆ ಮಣ್ಣನ್ನು ಮರದ ಮರಿಗೆಯಲ್ಲಿ ತೊಳೆದು ಚಿನ್ನ ತೆಗೆಯುವವರು. ಬಾಳವ್ವ ಮರಿಗೆ ತಿರುಗಿಸಿದಳೆಂದರೆ ಹಳ್ಳದ ಮೀನುಗಳಿಗೆಲ್ಲ ತಲೆಸುತ್ತು. ಅಡ್ಡಡ್ಡ ಓಡುವ ಏಡಿಗಳು ನೆಟ್ಟಗೆ ನಡೆಯುತ್ತಿದ್ದವು! ನಗಬೇಡಿ ಮಕ್ಕಳೇ, ಬೇಕಾದರೆ ಏಡಿಯನ್ನೇ ಕೇಳಿ.

ಹಳ್ಳದ ಪಕ್ಕ ಒಂದು ಗುಡ್ಡ. ಎಂಥಾ ಗುಡ್ಡ ಅಂತೀರಿ! ನೆತ್ತಿ ತುಕ್ಕಿನಂತೆ ಕೆಂಪು. ಹೊಟ್ಟೆಯ ಮೇಲೆ ಜನಿವಾರದಂತೆ ಬೆಣಚುಕಲ್ಲಿನ ಬಿಳಿ ಗೆರೆ. ಗೆರೆಯ ಅಂಚಿಗೆ ತಾಮ್ರದ ಹಸಿರು, ಅಲ್ಲಲ್ಲಿ ಸೀಸದ ಮಿಣುಕು. ಚಿನ್ನವೂ ಇತ್ತು, ಮದುವೆ ಊಟದ ಕಡೇ ಪಂಕ್ತಿಗೆ ಉಳಿದ ತುಪ್ಪದಷ್ಟು. ಹಿಂದಿನವರು ಗೆರೆ ಹಿಡಿದು ಗುಂಡಿ ತೋಡಿ, ಸಿಕ್ಕಷ್ಟು ತಗೊಂಡು, ಕೈಮುಗಿದು ಹೋಗಿದ್ದರು.

ಗುಡ್ಡ ಮಂತ್ರಿ ತೋಟಪ್ಪನದು. ಆದರೆ ಅವನ ಕಣ್ಣು ಬಾಳವ್ವನ ಊರಿನ ಮೇಲೆ. ಅದು ದೊರೆಗೆ ಸೇರಿದ, ಬಂಗಾರದಂಥ ಕರಿಮಣ್ಣಿನ ಊರು.

"ಪ್ರಭು, ನನ್ನ ಗುಡ್ಡದ ತುಂಬ ಚಿನ್ನ. ತಗೊಂಡು ಆ ಊರು ಕೊಡಿ. ಜಾಲಗಾರರನ್ನು ಅಲ್ಲಿಂದ ನಾನೇ ಎಬ್ಬಿಸ್ತೀನಿ" ಅಂದ.

"ಮೊದಲು ಬಾಳವ್ವ ತೊಳೆದು ತೋರಿಸಲಿ" ಅಂದ ದೊರೆ.

ತೋಟಪ್ಪ ಏನು ಮಾಡಿದ ಗೊತ್ತೇ? ಹೆಂಡತಿ ತವರಿಗೆ ಹೋದದ್ದೇ ತಡ, ಅವಳು ಸೊಂಟಕ್ಕೆ ಕಟ್ಟುವ ಚಿನ್ನದ ಡಾಬನ್ನು ಅರದಿಂದ ಉಜ್ಜಿ ಪುಡಿಮಾಡಿ, ಹಳೇ ಗುಂಡಿಯ ಮಣ್ಣಿಗೆ ಬೆರೆಸಿದ. ದೊರೆ ನೋಡಿದ ಮೇಲೆ ಪುಡಿ ವಾಪಸ್ ತಗೊಂಡು ಡಾಬು ಮಾಡಿಸಿಟ್ಟರಾಯಿತು, ಅವಳಿಗೇನು ಗೊತ್ತಾಗುತ್ತೆ ಅಂತ.

ದೊರೆಯ ಎದುರು ಬಾಳವ್ವ ಆ ಗುಂಡಿಯ ಮೊದಲ ಮರಿಗೆ ತೊಳೆದಳು. ಥಳಥಳ! ಅವಳು ಮರಿಗೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಅಜ್ಜಿಯ ಕಾಲದಿಂದ ಒಂದು ಸಾಸಿವೆ ಕಾಳಿಗೂ ಸತಾಯಿಸಿದ ಗುಡ್ಡ ಇವತ್ತು ಒಗ್ಗರಣೆಯನ್ನೇ ಸುರಿದಿದೆ! ಇದು ಗುಡ್ಡದ ಕೈಯಲ್ಲ. ಆದರೆ ಮಂತ್ರಿಯನ್ನು ಕಳ್ಳ ಅಂದರೆ ನಂಬುವವರು ಯಾರು? ನಂಬದಿದ್ದರೆ ಊರೇ ಹೋಯಿತು.

ಜಾಲಗಾರರಲ್ಲಿ ಒಂದು ರೂಢಿ. ಗುಂಡಿಯ ಮೊದಲ ಮರಿಗೆ ಗುಡ್ಡದವ್ವನ ಪಾಲು.

"ನಿನ್ನದು ನಿನಗೇ ತಾಯೀ" ಎನ್ನುತ್ತ ಬಾಳವ್ವ ಥಳಥಳವನ್ನೆಲ್ಲ ಆಳದ ಮಡುವಿಗೆ ಚೆಲ್ಲಿಬಿಟ್ಟಳು. ದೊರೆ ಕೈಮುಗಿದ. ತೋಟಪ್ಪ ಮಡುವಿನತ್ತ ಬಗ್ಗಿ ನೋಡಿದ.

ಎರಡನೇ ಮರಿಗೆಯೂ ಥಳಥಳ. "ಇದು ಹಳ್ಳದವ್ವನ ಪಾಲು!" ಈ ರೂಢಿ ಹುಟ್ಟಿದ್ದು ಆಗಲೇ, ಬಾಳವ್ವನ ನಾಲಿಗೆಯ ತುದಿಯಲ್ಲಿ. ಬುಳಕ್!

"ಏ ಬಾಳವ್ವಾ, ಸಾಕು ನಿಲ್ಲಿಸೇ!"

"ನಿಮಗ್ಯಾಕ್ರೀ ಸಂಕಟ ಮಂತ್ರಿಗಳೇ? ಗುಡ್ಡದ ತುಂಬ ಐತಿ ಅಂದ್ರಲ್ಲ!"

"ಅದೂ ಸರಿಯೇ. ಒಂದೆರಡು ಮರಿಗೆ ಹೋದರೇನಂತೆ?" ಅಂದ ದೊರೆ.

ಮೂರನೇ ಮರಿಗೆಗೆ ಉಳಿದ ಮಣ್ಣೆಲ್ಲ ಬಂತು. "ಇದು ನಮ್ಮ ಸತ್ತ ಹಿರಿಯರ ಪಾಲು" ಎಂದು ಬಾಳವ್ವ ಮರಿಗೆ ಓರೆ ಮಾಡಿದಳೋ ಇಲ್ಲವೋ, ತೋಟಪ್ಪ ರುಮಾಲು ಬಿದ್ದದ್ದೂ ತಿಳಿಯದೆ ಹಾರಿ ಅವಳ ಕೈ ಹಿಡಿದ.

"ಬೇಡ ಮಾರಾಯ್ತಿ! ಅದು ನನ್ನ ಹೆಂಡತಿಯ ಡಾಬು! ನಾಳೆ ತವರಿಂದ ಬಂದವಳು ನನ್ನನ್ನೇ ಮಡುವಿಗೆ ಚೆಲ್ತಾಳೆ!"

ಹಳ್ಳದ ಕಪ್ಪೆಯೂ ವಟಗುಟ್ಟುವುದನ್ನು ನಿಲ್ಲಿಸಿತು.

ದೊರೆ ಮಂತ್ರಿಗಿರಿಯ ಆ ರುಮಾಲನ್ನು ಎತ್ತಿ ತಾನೇ ಇಟ್ಟುಕೊಂಡ, ತೋಟಪ್ಪನ ಕೈಗೆ ಒಂದು ಮರಿಗೆ ಕೊಟ್ಟ. ಊರು ಜಾಲಗಾರರ ಪಾಲಿಗೇ ಉಳಿಯಿತು.

ಬಾಳವ್ವ ಬಿಳಿ ಗೆರೆಯ ಬುಡದಿಂದ ಹೊಸ ಮಣ್ಣು ತಂದು ಸಂಜೆಯ ತನಕ ತೊಳೆದಳು. ಕೊನೆಗೊಂದು ಕಣ ಮಿನುಗಿತು. "ಇದು ಗುಡ್ಡದ್ದು, ಒಡೆಯಾ." ದೊರೆ ಅದನ್ನು ಬೆರಳ ತುದಿಯಲ್ಲಿಟ್ಟುಕೊಂಡು, ಕಿರೀಟಕ್ಕಿಂತ ಹೆಚ್ಚು ಹೊತ್ತು ನೋಡಿದ.

ತೋಟಪ್ಪ ಇವತ್ತಿಗೂ ಮಡುವಿನ ಮರಳು ತೊಳೆಯುತ್ತಿದ್ದಾನೆ. ದಂಡೆಯ ಮೇಲೆ ಹೆಂಡತಿ, ಸೊಂಟಕ್ಕೆ ಬರೀ ಕೈ ಇಟ್ಟುಕೊಂಡು ನಿಂತಿದ್ದಾಳೆ.

ಅದಕ್ಕೇ ಮಕ್ಕಳೇ, ಸಾಸಿವೆಯಷ್ಟೇ ಇದ್ದರೂ ಇದ್ದಷ್ಟನ್ನೇ ತೋರಿಸಿ. ಇಲ್ಲದ್ದನ್ನು ಬೆರೆಸಿ ಹೊಳೆಸಿದವನನ್ನು ಹಿಡಿದುಕೊಡಲು ಬೇರೆಯವರು ಬೇಕಿಲ್ಲ, ಅವನ ಬಾಯಿಯೇ ಸಾಕು.