ಕಪ್ಪೆ ಮೇಸ್ತ್ರಿಯಾಗಲು ಹೋದದ್ದು

ಗದ್ದೆಯ ಬದುವಿನ ಇಲಿಗಳಿಗೆ ನೆಲದೊಳಗಿನ ಕೋಣೆಗಳನ್ನು ಕಟ್ಟಿಸಲು ಒಬ್ಬ ಮೇಸ್ತ್ರಿ ಬೇಕಾಗಿದ್ದ. ಸುದ್ದಿ ಕೇಳಿ ಕಪ್ಪೆ ಬಂದಿತು.

"ಹಿಂದೆ ಏನು ಕಟ್ಟಿದ್ದೀಯ?" ಎಂದು ತಾಯಿ ಇಲಿ ಕೇಳಿತು.

"ಆಚೆ ಬದುವಿನ ಆಳದ ಬಿಲ ನಾನೇ ತೋಡಿದ್ದು. ಎಂಥ ಮಳೆಗೂ ಕುಸಿದಿಲ್ಲ."

ನಿಜದಲ್ಲಿ ಅದನ್ನು ತೋಡಿದ್ದು ಏಡಿ. ಕಪ್ಪೆ ಅದರ ಬಾಗಿಲಲ್ಲಿ ಕೂತು ಹಾಡುತ್ತಿತ್ತು, ಅಷ್ಟೆ.

ತಾಯಿ ಇಲಿ ವಿಚಾರಿಸಲೆಂದು ಏಡಿಯನ್ನು ಕರೆಸಿತು. ಏಡಿ ಒಂದು ಗಳಿಗೆ ಕಪ್ಪೆಯನ್ನೇ ನೋಡಿ, "ಹೌದು, ಅವನದೇ ಕೆಲಸ. ಇಟ್ಟುಕೊಳ್ಳಿ," ಎಂದಿತು.

"ಹಾಗಾದರೆ ಕೆಲಸ ನಿನಗೇ," ಎಂದಿತು ತಾಯಿ ಇಲಿ. "ಮಳೆಗಾಲದಲ್ಲಿ ನನ್ನ ಮರಿಗಳು ಮಲಗುವುದು ಅಲ್ಲೇ."

ಇನ್ನೂ ಕಣ್ಣು ಬಿಡದ ಮರಿಗಳು ಅದರ ಹೊಟ್ಟೆಗೆ ಅಂಟಿಕೊಂಡಿದ್ದವು. ಕಪ್ಪೆಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು.

"ಅಮ್ಮಾ, ನಾನು ಒಂದು ಹಿಡಿ ಮಣ್ಣನ್ನೂ ಎತ್ತಿಲ್ಲ. ತೋಡಿದವನು ಇವನು."

ತಾಯಿ ಇಲಿ ಏಡಿಯತ್ತ ತಿರುಗಿತು. "ಮತ್ತೆ ನೀನೇಕೆ ಸುಳ್ಳು ಹೇಳಿದೆ?"

"ಅವನಿಗೂ ಒಂದು ನೆಲೆಯಾಗಲಿ ಅಂತ. ತೋಡುವುದನ್ನು ನಾನೇ ಬಂದು ತೋಡಿಕೊಡುತ್ತಿದ್ದೆ."

ಬೈದಿದ್ದರೆ ಕಪ್ಪೆ ಹೇಗೋ ತಾಳಿಕೊಳ್ಳುತ್ತಿತ್ತು. ಈ ಮಾತನ್ನು ಮಾತ್ರ ಅದರಿಂದ ತಾಳಲಾಗಲಿಲ್ಲ. ಇಲಿಗಳು ಏಡಿಯನ್ನು ಒಳಗೆ ಕರೆಯುತ್ತಿದ್ದಂತೆ, ಕಪ್ಪೆ ತಲೆ ಎತ್ತದೆ ಬದುವಿನಿಂದ ಇಳಿದು ಹೋಯಿತು.