ಗುಡ್ಡದ ಪೆಟ್ಟಿಗೆ ಕಾದ ಜವರ

ನಗೋದಿದ್ರೆ ಆಮೇಲೆ ನಗ್ರಪ್ಪ, ಮೊದ್ಲು ಕಿವಿ ಕೊಡಿ. ಮಧ್ಯೆ ಬಾಯಿ ಹಾಕಿದ್ರೆ ನಾನು ಎದ್ದು ಹೋಗೋನೇ.

ತಗ್ಗಿನಹಳ್ಳಿ ಅಂತ ಒಂದೂರು. ಅಲ್ಲಿ ದೊಡ್ಡತಾಯಮ್ಮ ಅಂತ, ಗಂಡ ಸತ್ತೋಳು. ಅವಳಿಗೊಬ್ಬ ಮಗ, ಜವರ. ಆಳು ನೋಡಿದ್ರೆ ತೆಂಗಿನಮರದುದ್ದ, ಬುದ್ಧಿ ನೋಡಿದ್ರೆ ಗೇಣುದ್ದ. "ಬೆಕ್ಕು ಹಾಲಿಗೆ ಬಾಯಿ ಹಾಕದಂಗೆ ನೋಡ್ಕೊಳ್ಳೋ" ಅಂದ್ರೆ, ಬೆಕ್ಕಿಗಿಂತ ಮುಂಚೆ ತಾನೇ ಕುಡಿದು ಮುಗಿಸೋನು!

"ಅಯ್ಯೋ ಶಿವನೇ, ನಾನು ಕಣ್ಮುಚ್ಚಿದ್ರೆ ಇವನ ಗತಿ ಏನಪ್ಪಾ!" ಅಂತ ಅವ್ವ ದಿನಾ ಹಣೆ ಚಚ್ಕೊಳ್ಳೋಳು.

ಆ ಊರಿಗೂ ಪಟ್ಟಣಕ್ಕೂ ಮಧ್ಯೆ ಒಂದು ಗುಡ್ಡ ಅಡ್ಡ. ಪಟ್ಟಣದ ರೇಡಿಯೋ ಊರೊಳಗೆ ಪಿಟಿಕ್ ಅಂತಿರಲಿಲ್ಲ. ಅದಕ್ಕೇ ಗುಡ್ಡದ ಮೇಲೊಂದು ಪೆಟ್ಟಿಗೆ ಇಟ್ಟಿದ್ರು. ಅದು ದೂರದ ನಿಲಯದ ದನಿ ಹಿಡಿದು ಕೆಳಗಿನ ಹಳ್ಳಿಗಳಿಗೆ ಬಿಡೋದು. ಬೆಳಗ್ಗೆ ಪಟ್ಟಣದ ನಿಲಯ, ಆಮೇಲೆ ಬೇಸಾಯದ ನಿಲಯ. ಒಂದು ತಿರುಪು ತಿರುಗಿಸಿದ್ರೆ ಆಯ್ತು, ಅಷ್ಟೇ ಕೆಲಸ.

ಎಂಜಿನಿಯರ್ ಶಂಭುಲಿಂಗಯ್ಯನೋರು ಆ ಕೆಲಸ ಜವರನಿಗೆ ಕೊಟ್ರು. ಗುಡ್ಡದ ಬುಡದಾಗೆ ಇರೋಕೆ ಒಂದು ಮನೇನೂ ಕೊಟ್ರು. "ನೋಡಮ್ಮ, ಉಗಾದಿವರೆಗೆ ನೆಟ್ಟಗೆ ಮಾಡಿದ್ರೆ ಕೆಲಸ ಖಾಯಂ. ಇಲ್ಲಾಂದ್ರೆ ಮನೆ ಬಿಡ್ಬೇಕು" ಅಂದ್ರು. ಹುಟ್ಟಿದ್ಮೇಲೆ ಮೊದಲನೇ ಸಲ ಹೆಂಚಿನ ಮನೇಲಿ ಮಲಗಿದ್ದಳು ಆ ತಾಯಿ. ಖುಷೀಲಿ ಅತ್ತೇಬಿಟ್ಟಳು.

"ಗಂಟೆ ಏಳು ಹೊಡೀತಿದ್ದಂಗೆ ತಿರುಗಿಸ್ಬೇಕು, ತಿಳೀತಾ?" ಅಂದ್ರು ಎಂಜಿನಿಯರು.

"ತಿಳೀತು ಸ್ವಾಮಿ!"

ಮಾರನೇ ಬೆಳಗ್ಗೆ ಪಟ್ಟಣದ ನಿಲಯದಾಗೆ ಡಾಕ್ಟರಮ್ಮ ಮಾತಾಡ್ತಾವ್ಳೆ. "ಮಗು ಒಂದೇ ಸಮನೆ ಅತ್ತರೆ ತಾಯಂದಿರು ಗಾಬರಿಯಾಗದೆ..." ಏಳು ಹೊಡೀತು. ಜವರ ಪಟಕ್ಕನೆ ತಿರುಗಿಸ್ದ. ಬೇಸಾಯದ ನಿಲಯದಾಗೆ ದನದ ಡಾಕ್ಟರು! "...ಗೂಟಕ್ಕೆ ಬಿಗಿಯಾಗಿ ಕಟ್ಟಿ, ಬಾಲ ಎತ್ತಿ ನೋಡಿ!"

ಊರಿಗೆ ಊರೇ ದಂಗು! "ಏನಂದ? ಬಾಲ ಅಂದ್ನಾ?" ಒಬ್ಬ ಅಜ್ಜಿ ಮೊಮ್ಮಗೂನ ಬೋರಲು ಹಾಕಿ ಬಾಲ ಹುಡುಕಿದ್ಳಂತೆ ಕಣ್ರಪ್ಪಾ! ಸೊಸೆ ಬಂದು ಕಿರುಚ್ಕೊಂಡ್ಳು.

ಅವ್ವ ಗುಡ್ಡ ಹತ್ತಿ ಓಡಿ ಬಂದ್ಳು. "ಏನ್ಲಾ ಮುಂಡೇದೇ! ಮಾತಾಡೋರ ಮಾತು ಅರ್ಧಕ್ಕೇ ಕತ್ತರಿಸ್ತಾರೇನ್ಲಾ? ಅವರು ಮುಗಿಸೋವರೆಗೂ ಕೈ ಕಟ್ಕೊಂಡು ಕೂತ್ಕೊ!"

"ಆಯ್ತು ಕಣವ್ವಾ!"

ಮಾರನೇ ದಿನ ಕೈ ಕಟ್ಕೊಂಡು ಕೂತ. ಪಟ್ಟಣದ ನಿಲಯದಾಗೆ ಒಬ್ಬ ಮುಗಿಸ್ದ, ಇನ್ನೊಬ್ಬ ಶುರು ಮಾಡ್ದ. ಅವನು ಮುಗಿಸ್ದ, ಮತ್ತೊಬ್ಬಳು ಶುರು ಮಾಡಿದ್ಳು. ರೇಡಿಯೋ ಅಂದ್ಮೇಲೆ ಸುಮ್ಕಿರ್ತದಾ? ಹೊತ್ತು ಮುಳುಗೋವರೆಗೂ ಜವರ ತಿರುಪು ಮುಟ್ಟಲೇ ಇಲ್ಲ. ಅತ್ಲಾಗೆ ಬೇಸಾಯದ ನಿಲಯದೋರು "ನಾಳೆ ರೇಷ್ಮೆಗೂಡಿನ ಮಾರುಕಟ್ಟೆ ರಜ" ಅಂತ ಬಡ್ಕೊಂಡಿದ್ದೇ ಬಡ್ಕೊಂಡಿದ್ದು. ಕೇಳೋರ್ಯಾರು? ಮಾರನೇ ದಿನ ಊರಿನ ಗೂಡೆಲ್ಲ ಗಾಡಿ ಹತ್ತಿ, ಮುಚ್ಚಿದ ಬಾಗಿಲು ನೋಡ್ಕೊಂಡು ವಾಪಸ್ ಬಂತು.

ಎಂಜಿನಿಯರು ಮೈಯೆಲ್ಲ ಬೆವರು ಸುರಿಸ್ಕೊಂಡು ಬಂದ್ರು. "ಲೋ! ಯಾಕೋ ತಿರುಗಿಸ್ಲಿಲ್ಲ?"

"ಅವ್ವ ಹೇಳವ್ಳೆ ಸ್ವಾಮಿ, ಮಾತು ಮುಗೀಲಿ ಅಂತ."

"ನಿಮ್ಮವ್ವನ ಮಾತು ಮನೇಲಿಟ್ಕೊ! ಇಲ್ಲಿ ನನ್ನ ಮಾತು ಮಾತ್ರ. ನನ್ನ ದನಿ ಕಿವಿಗೆ ಬಿತ್ತೋ, ಹೇಳಿದ್ದು ತಕ್ಷಣ ಆಗ್ಬೇಕು. ಯಾಕೆ, ಏನು ಅಂತ ಕೇಳ್ಬೇಡ!"

"ಕೇಳಲ್ಲ ಸ್ವಾಮಿ!"

ಉಗಾದಿ ಹತ್ತಿರ ಬಂತು. ದೊಡ್ಡತಾಯಮ್ಮ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ಳು. ಅಷ್ಟರಾಗೆ ಮೇಲಿಂದ ಆರ್ಡರ್ ಬಂತು, ಇನ್ನು ಗುಡ್ಡದ ಪೆಟ್ಟಿಗೆ ಬೇಸಾಯದ ನಿಲಯ ಬಿಟ್ಟು, ಕಾಲೇಜಿನ ಹೊಸ ನಿಲಯ ಹಿಡೀಬೇಕು ಅಂತ. ಅದನ್ನ ಜನಕ್ಕೆ ತಿಳಿಸೋಕೆ ಎಂಜಿನಿಯರು ಪಟ್ಟಣದ ನಿಲಯದಾಗೆ ತಾವೇ ಮೈಕಿನ ಮುಂದೆ ಕೂತ್ರು. ಎಲ್ಲ ಹೇಳಿ ಕೊನೇಲಿ, "ಕೇಳುಗರೇ, ಯಾರ ಪೆಟ್ಟಿಗೆ ಗುಂಯ್ ಅನ್ನುತ್ತದೋ ಅವರು ವೈರು ಬಿಚ್ಚಿ, ಪೆಟ್ಟಿಗೆ ಹೊತ್ತುಕೊಂಡು ಈಗಲೇ ನನ್ನ ಹತ್ತಿರ ಬನ್ನಿ, ಸರಿ ಮಾಡಿಕೊಡುತ್ತೇನೆ" ಅಂದ್ರು.

ಜವರ ಎದ್ದು ನಿಂತ. ದನಿ ಸಾಹೇಬ್ರದ್ದೇ! ಗುಡ್ಡದ ಪೆಟ್ಟಿಗೆ ಗುಂಯ್ ಅಂತಾನೇ ಐತೆ! ವೈರು ಕಿತ್ತ, ಸಿಂಬಿ ಸುತ್ತಿ ತಲೆ ಮೇಲೆ ಪೆಟ್ಟಿಗೆ ಇಟ್ಟ, ನಡೆದೇಬಿಟ್ಟ. ಕೆಳಗಿನ ಹಳ್ಳಿಗಳ ರೇಡಿಯೋ ಎಲ್ಲ ಗಪ್‌ಚಿಪ್.

ಪಟ್ಟಣದಾಗೆ ಎಂಜಿನಿಯರು ಆಗಿನ್ನೂ ನಿಲಯದ ದೊಡ್ಡ ಸಾಹೇಬ್ರ ಜೊತೆ ಕಾಫಿ ಕುಡೀತಾವ್ರೆ. "ತಂದಿವ್ನಿ ಸ್ವಾಮಿ!" ಅಂತ ಜವರ ಒಳಕ್ಕೆ ನುಗ್ಗಿ, ದೊಡ್ಡೋರು ಅಂತ ಬಗ್ಗಿ ಕಾಲಿಗೆ ಬಿದ್ದ. ತಲೆ ಮೇಲಿನ ಪೆಟ್ಟಿಗೆ? ಧಡಾರ್! ನಾಲ್ಕು ಚೂರು!

ಎಂಜಿನಿಯರ ಕೈಲಿದ್ದ ಲೋಟ ನೆಲಕ್ಕೆ ಬಿತ್ತು. ಧಡಕ್ಕನೆ ಎದ್ದು ನಿಂತ್ರು. ಆಮೇಲೆ ಬೈಗುಳ ಬಂತು ನೋಡಿ! "ಹಾಳಾದೋನೇ! ಇನ್ನು ಈ ಪೆಟ್ಟಿಗೆ ಕೆಲಸ ಯಾರು ಮಾಡ್ತಾರೋ? ನೀನೇ ಮಾಡು ಹೋಗು! ಗುಡ್ಡದ ಮೇಲೆ ನಿಂತು ನೀನೇ ಮಾಡು!"

"ಆಗ್ಲಿ ಸ್ವಾಮಿ!"

ಓಡೋಡಿ ಬಂದ. ಮನೇಲಿದ್ದ ಪುಟ್ಟ ರೇಡಿಯೋ ತಗೊಂಡ, ಗುಡ್ಡ ಹತ್ತಿದ. ಅಷ್ಟೆತ್ತರದಾಗೆ ಪಟ್ಟಣದ ನಿಲಯ ಚೆನ್ನಾಗೇ ಸಿಕ್ತದೆ. ರೇಡಿಯೋ ಕಿವಿಗೆ ಒತ್ಕೊಂಡು, ಕೇಳಿದ್ದನ್ನ ಕೇಳಿದ ಹಂಗೇ ಕೆಳಗಿನ ಊರಿಗೆ ಕೂಗೋಕೆ ಶುರು ಮಾಡ್ದ. ಹವಾಮಾನ ಕೂಗ್ದ. ಧಾರಣೆ ಕೂಗ್ದ. ಊರಿನೋರೆಲ್ಲ ಬಾಯಿ ಬಿಟ್ಕೊಂಡು ಮೇಲೆ ನೋಡ್ತಾ ನಿಂತ್ರು. ನಲ್ಲಿ ಹತ್ರ ಬಿಂದಿಗೆ ಹಿಡ್ಕೊಂಡು ಅವ್ವಾನೂ ನಿಂತ್ಳು.

"ಪ್ರಕಟಣೆ!" ಜವರ ಎದೆ ಉಬ್ಬಿಸಿ ಕೂಗ್ದ. "ಗುಡ್ಡದ ಪೆಟ್ಟಿಗೆಯನ್ನು ಒಡೆದು ಹಾಕಿದ ಜವರ ಎಂಬ ಪೆದ್ದನನ್ನು ಈ ಕ್ಷಣದಿಂದ ಕೆಲಸದಿಂದ ತೆಗೆಯಲಾಗಿದೆ! ಅವನ ತಾಯಿ ದೊಡ್ಡತಾಯಮ್ಮ ಇಂದೇ ಮನೆ ಖಾಲಿ ಮಾಡತಕ್ಕದ್ದು!"

ಬಿಂದಿಗೆ ಕೈಜಾರಿತು. ದೊಡ್ಡತಾಯಮ್ಮ ಅಲ್ಲೇ ಕೂತು ಹಣೆ ಹಣೆ ಚಚ್ಕೊಂಡ್ಳು.

ಮೇಲಿಂದ ಜವರ ಕೈ ಬೀಸ್ದ. "ಅವ್ವಾ! ಒಂದಕ್ಷರಾನೂ ಬಿಟ್ಟಿಲ್ಲ ಕಣವ್ವಾ! ನಿಂಗೆ ಕೇಳಿಸ್ತಾ? ಇಲ್ಲಾಂದ್ರೆ ಇನ್ನೊಂದ್ಸಲ ಕೂಗ್ತೀನಿ!"