ಅರವಟ್ಟಿಗೆಯಲ್ಲಿ ಕೂತವರು

"ಗುರುಗಳೇ, ಕೂಲಿಯವನೊಬ್ಬ ಅಚ್ಚುಕಟ್ಟಾಗಿ ಮುಗಿಸುವ ಕೆಲಸಕ್ಕೆ, ಬಿಟ್ಟಿ ಸೇವೆಯವರು ಹತ್ತು ಮಂದಿ ಯಾಕೆ ಬೇಕು?" ಎಂದು ಶಿಷ್ಯ ಕೇಳಿದ.

ಮಠದ ದಾಸೋಹದ ಉಸ್ತುವಾರಿ ಅವನದು. ಅಂದು ಸೇವೆಗೆ ಬಂದವರು ಬೇಳೆ ಸೀಯಿಸಿದ್ದರು. ಆಮೇಲೆ ಯಾರದೋ ಮದುವೆಯ ವಿಚಾರ ಮಾತಾಡುತ್ತ ಕೂತಿದ್ದರು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗುರುಗಳು ಅದನ್ನು ಒಪ್ಪಿಕೊಂಡೇ ಕತೆ ಶುರುಮಾಡಿದರು.

ಎರಡು ಸಂತೆಯೂರುಗಳ ನಡುವೆ ಒಂದು ದಾರಿ. ನಡೆದರೆ ಒಂದು ಹಗಲು. ಆ ದಾರಿಗೆಲ್ಲ ಇದ್ದದ್ದು ಒಂದೇ ಬೇವಿನ ಮರ, ಅದರ ಕೆಳಗೆ ಹತ್ತಿರದ ಹಳ್ಳಿಯವರ ಅರವಟ್ಟಿಗೆ. ಶಿವರಾತ್ರಿ ಕಳೆದ ಮೇಲೆ ಮಳೆ ಬೀಳುವ ತನಕ ದಿನಕ್ಕೊಂದು ಮನೆಯವರು ಸರದಿಯ ಮೇಲೆ ಬಂದು, ದಾರಿಹೋಕರ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಯಾರಿಗೂ ಕೂಲಿಯಿರಲಿಲ್ಲ. ಆದ್ದರಿಂದ ಯಾರನ್ನೂ ಬೈಯುವಂತೆಯೂ ಇರಲಿಲ್ಲ.

ನೇಕಾರ ತನ್ನ ಸರದಿಯ ದಿನ ಬಿಸಿಲೇರಿದ ಮೇಲೆ ಬರುತ್ತಿದ್ದ. ಕುಂಬಾರ ತಂದಿಟ್ಟ ಕೊಡಗಳೇ ಸೋರುತ್ತಿದ್ದವು. ಎಲ್ಲರಿಗಿಂತ ಹೆಚ್ಚು ಸತಾಯಿಸುವವಳು ದುರುಗವ್ವ ಎಂಬ ಮುದುಕಿ. ಯಾವೂರು, ಯಾರ ಪೈಕಿ, ಎಲ್ಲಿಗೆ ಹೊರಟದ್ದು, ಉಂಡದ್ದಾಯಿತೋ ಇಲ್ಲವೋ, ಇಷ್ಟನ್ನೂ ವಿಚಾರಿಸದೆ ಅವಳು ತಂಬಿಗೆ ಬಗ್ಗಿಸುತ್ತಿರಲಿಲ್ಲ. ಮುಖ ಬಾಡಿದವರನ್ನು ಮೊದಲು ನೆರಳಿನಲ್ಲಿ ಕೂರಿಸುತ್ತಿದ್ದಳು, ಬೆಲ್ಲದ ಚೂರು ಕೊಡುತ್ತಿದ್ದಳು, ನೀರು ಆಮೇಲೆ. ಒಂದು ಗುಟುಕಿಗಾಗಿ ಮೂರು ತಲೆಮಾರಿನ ವರದಿ ಒಪ್ಪಿಸಬೇಕಿತ್ತು.

ಆ ದಾರಿಯಲ್ಲಿ ವಾರಕ್ಕೊಮ್ಮೆ ಮೆಣಸಿನಕಾಯಿ ಗಾಡಿಗಳೊಂದಿಗೆ ಒಬ್ಬ ವರ್ತಕ ಹಾದುಹೋಗುತ್ತಿದ್ದ. ಕೆಟ್ಟವನಲ್ಲ. ಏನನ್ನು ಕಂಡರೂ ಸರಿಪಡಿಸಬೇಕು ಅನ್ನಿಸುವ ಮನುಷ್ಯ. ತನ್ನ ಗಾಡಿಯವರು ದುರುಗವ್ವನ ಮುಂದೆ ಬೊಗಸೆಯೊಡ್ಡಿಕೊಂಡು ಅವಳ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ನಿಲ್ಲುವುದನ್ನು ನೋಡಿ ನೋಡಿ ಅವನಿಗೆ ಸಾಕಾಯಿತು. ಸ್ವಂತ ಖರ್ಚಿನಲ್ಲಿ ಅಲ್ಲೊಂದು ಕಲ್ಲಿನ ತೊಟ್ಟಿ ಕಟ್ಟಿಸಿದ. ಮೇಲೆ ಮುಚ್ಚಳ, ಕೆಳಗೆ ಹಿತ್ತಾಳೆಯ ನಲ್ಲಿ. ಬೆಳಗಾಗುತ್ತಲೇ ನೀರು ತುಂಬಿಸಿ ಹೋಗಲು ಸಂಬಳದ ಆಳು. ಹಳ್ಳಿಯವರು ವರ್ತಕನಿಗೆ ಶಾಲು ಹೊದಿಸಿದರು. ನೇಕಾರನ ಸಂತೋಷ ಎಲ್ಲರಿಗಿಂತ ಹೆಚ್ಚು.

ತೊಟ್ಟಿ ಬಂದ ಮೇಲೂ ದುರುಗವ್ವ ಬಂದು ಮರದ ಕೆಳಗೆ ಕೂತಿದ್ದಳು.

"ಇನ್ನ ನೀ ಬಿಸಿಲಾಗ ಕೂಡೂದು ಬ್ಯಾಡವ್ವ. ನೀರು ತಾನ ಬರ್ತದ," ಎಂದ ವರ್ತಕ.

"ಬರ್ಲಿ ಸಾವ್ಕಾರ್ರ, ಒಳ್ಳೇದಾತು. ಆದ್ರ ನನ್ನ ಮಾತು ಯಾರು ಕೇಳ್ಬೇಕು? ಸೊಸಿ ಅಂತೂ ಕೇಳಂಗಿಲ್ಲ," ಎಂದು ನಕ್ಕು, ತಂಬಿಗೆ ಎತ್ತಿಕೊಂಡು ಮನೆಗೆ ಹೋದಳು.

ಆ ಬೇಸಿಗೆ ಚೆನ್ನಾಗಿಯೇ ಕಳೆಯಿತು. ನೀರು ಚೊಕ್ಕವಾಗಿತ್ತು, ತಡವಾಗುತ್ತಿರಲಿಲ್ಲ. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಮರುವರ್ಷ ವರ್ತಕನ ತಂದೆಗೆ ಮರೆವು ಹತ್ತಿತು. ತನ್ನ ಹೆಸರು, ಊರು, ಮಗನ ಹೆಸರು, ಕೇಳಿದರೆ ಎಲ್ಲವನ್ನೂ ಹೇಳುತ್ತಿದ್ದ. ಮನೆಯ ದಾರಿ ಮಾತ್ರ ನೆನಪಾಗುತ್ತಿರಲಿಲ್ಲ, ಅದನ್ನು ಇನ್ನೊಬ್ಬರ ಬಳಿ ಕೇಳಬಹುದೆಂಬುದೂ ಹೊಳೆಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಮನೆಯವರು ನೋಡುವಷ್ಟರಲ್ಲಿ ಮುದುಕ ಇರಲಿಲ್ಲ. ವರ್ತಕ ಮೂರು ದಿಕ್ಕಿಗೆ ಆಳುಗಳನ್ನು ಅಟ್ಟಿ, ನಾಲ್ಕನೆಯದಕ್ಕೆ ತಾನೇ ಹೊರಟ.

ಬೇವಿನ ಮರ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ತೊಟ್ಟಿಯ ಮುಚ್ಚಳದ ಮೇಲೆ ತಂದೆಯ ರುಮಾಲು ಹರವಿತ್ತು. ಒದ್ದೆ ಮಾಡಿ ಹರವಿದ್ದು, ಆಗಲೇ ಒಣಗಿತ್ತು. ಅಲ್ಲೇ ಎತ್ತು ಬಿಚ್ಚಿ ಕೂತಿದ್ದ ಗಾಡಿಯವನೊಬ್ಬನನ್ನು ವಿಚಾರಿಸಿದ. ಹೌದು, ಮುದುಕರೊಬ್ಬರು ಬಹಳ ಹೊತ್ತು ಕೂತಿದ್ದರು, ಮೂರು ಸಲ ನೀರು ಕುಡಿದರು, ಆಮೇಲೆ ದಾರಿ ಬಿಟ್ಟು ಹೊಲಕ್ಕೆ ಇಳಿದು ಹೋದರು ಎಂದ ಅವನು.

"ಯಾರು ಏನು ಅಂತ ಕೇಳಲಿಲ್ಲೇನೋ?"

"ನೀರು ಕುಡಿಯೋರನ್ನ ಏನಂತ ಕೇಳೂದ್ರೀ ಸಾವ್ಕಾರ್ರ? ನೀರಿತ್ತು, ಕುಡಿದ್ರು."

ಸಂಬಳದ ಆಳು ತನ್ನ ಕೆಲಸ ಮಾಡಿದ್ದ, ನಲ್ಲಿ ತನ್ನ ಕೆಲಸ ಮಾಡಿತ್ತು. ತಪ್ಪು ಹೊರಿಸಲು ಯಾರೂ ಸಿಗದೆ ವರ್ತಕ ಹಳ್ಳಿಗೆ ಓಡಿದ.

ಊರಿಗೆ ಊರೇ ಎದ್ದು ಬಂತು. ನೇಕಾರ ಆವತ್ತೂ ತಡವಾಗಿಯೇ ಬಂದ, ಆದರೆ ಮುಂದಿನ ಐದು ದಿನ ಮಗ್ಗಕ್ಕೆ ಕೂರಲಿಲ್ಲ. ಕುಂಬಾರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಪಾಳು ಬಾವಿಗಳಿಗೆ ಇಳಿದ. ಹಳ್ಳ, ಬಣವೆ, ಮುಳ್ಳಿನ ಪೊದೆ ಯಾವುದನ್ನೂ ಬಿಡಲಿಲ್ಲ. ವರ್ತಕ ಕೂಲಿ ಕೊಡಹೋದಾಗ ಯಾರೂ ಕೈಯೊಡ್ಡಲಿಲ್ಲ. ಆರನೆಯ ದಿನ ಅವನೇ, ಇನ್ನು ಸಾಕು ಎಂದ.

ದುರುಗವ್ವ ಅವನಿಗೆ, ನಾನು ಆಗಲೇ ಹೇಳಿರಲಿಲ್ಲವೇ ಅನ್ನಲಿಲ್ಲ. ಅವಳು ಹೇಳಿಯೂ ಇರಲಿಲ್ಲ. ಅಷ್ಟು ವರ್ಷ ತಾನು ಮಾಡಿದ್ದು ಬರೀ ಹರಟೆ ಎಂದೇ ಅವಳೂ ತಿಳಿದಿದ್ದಳು.

ಏಳನೆಯ ದಿನ ವರ್ತಕ ತಂಬಿಗೆ ಹಿಡಿದು ತೊಟ್ಟಿಯ ಪಕ್ಕ ಕೂತ. ಕೈಗೆ ಆ ಕೆಲಸ ಹೊಸದು. ಮೊದಲು ಬಂದವನ ಅಂಗಿಯನ್ನೇ ತೋಯಿಸಿದ. ದುರುಗವ್ವ ಹತ್ತಿರ ಬಂದು ಕೂತಳು.

"ಕೈ ನೋಡಿ ಹಾಕಬ್ಯಾಡೋ ಯಪ್ಪಾ," ಎಂದು ಬಂದವನ ಮುಖದ ಕಡೆ ತೋರಿಸಿದಳು. "ಮಾರಿ ನೋಡಿ ಹಾಕು."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಅದು ಕತೆಯ ಕೊನೆ ಅನ್ನಿಸಲಿಲ್ಲ. ಹಾಗೆ ಕೂತದ್ದಕ್ಕೆ ವರ್ತಕನಿಗೆ ಕಡೆಗೂ ತಂದೆ ಸಿಕ್ಕಿದರೋ ಇಲ್ಲವೋ ಎಂದು ಕೇಳಿದ.

"ಅವನ ತಂದೆ ಸಿಗಲಿಲ್ಲ, ಬೇರೆಯವರ ತಂದೆ ಇಬ್ಬರು ಸಿಕ್ಕಿದರು," ಎಂದರು ಗುರುಗಳು.